ಇಂಟರ್‌ನೆಟ್ ಕರೆಯಲ್ಲಿ ಪಾಠ, ಸಂದರ್ಶನ, ವೈವಾ: ಮೊದಲು ಧ್ವನಿ ಸರಿಮಾಡಿಕೊಳ್ಳಿ

"ಸ್ಕೈಪ್ ನಿಂತೇಹೋಯ್ತಲ್ಲ, ಇನ್ನು ಯಾವುದನ್ನು ಬಳಸೋದು?" "ಬೇರೆ ದೇಶದಲ್ಲಿರುವ ಒಬ್ಬರ ಸಂದರ್ಶನ ಮಾಡಬೇಕು, ರೆಕಾರ್ಡಿಂಗ್ ಹೇಗೆ?" "ಪಾಠ ಮಾಡುವಾಗ ನನ್ನ ಧ್ವನಿಯೇ ನನಗೆ ವಾಪಸ್ ಕೇಳಿಸುತ್ತೆ, ಏನು ಮಾಡಲಿ?" ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವವರು, ಪಿಎಚ್‌ಡಿ ಮಾಡುತ್ತಿರುವವರು ಮತ್ತೆ ಮತ್ತೆ ಕೇಳುವುದು ಇವನ್ನೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹೇಳಿಬಿಡುತ್ತೇನೆ.

ಜನ ಕ್ಯಾಮೆರಾ, ಲೈಟು, ಹಿಂದಿನ ಪರದೆ ಅಂತ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದೆಲ್ಲ ಆಮೇಲಿನ ಮಾತು. ಮುಖ ಮಸುಕಾಗಿದ್ದರೂ ಪಾಠ ನಡೆಯುತ್ತದೆ. ಮಾತು ಅರ್ಧರ್ಧ ಕಡಿದು ಕೇಳಿಸಿದರೆ ಹತ್ತೇ ನಿಮಿಷಕ್ಕೆ ಕೇಳುವವರು ಸುಸ್ತಾಗುತ್ತಾರೆ. ಸಂಶೋಧನೆಯಲ್ಲಂತೂ ಆ ಧ್ವನಿಯೇ ನಿಮ್ಮ ಡೇಟಾ. ಅದಕ್ಕೇ ಇಲ್ಲಿ ಮುಕ್ಕಾಲು ಪಾಲು ಧ್ವನಿಯ ವಿಚಾರವೇ ಇದೆ.

ಏನೇನು ಬೇಕು

ಪಟ್ಟಿ ಚಿಕ್ಕದು. ಒಂದು ಕಂಪ್ಯೂಟರು ಅಥವಾ ಒಳ್ಳೆಯ ಫೋನು, ಮೈಕು ಇರುವ ಹೆಡ್‌ಸೆಟ್, ಸ್ಥಿರವಾದ ಇಂಟರ್‌ನೆಟ್, ಬಾಗಿಲು ಹಾಕಿಕೊಳ್ಳಲು ಆಗುವ ಒಂದು ಕೋಣೆ. ಸಂಶೋಧನೆಗಾದರೆ ರೆಕಾರ್ಡಿಂಗ್‌ಗೆ ಅಂತ ಇನ್ನೊಂದು ಸಾಧನ. ಹಳೆಯ ಫೋನಾದರೂ ನಡೆಯುತ್ತದೆ.

ಕರೆ ಒಳಗೆ ಏನು ನಡೆಯುತ್ತದೆ ಅಂತಲೂ ಸ್ವಲ್ಪ ತಿಳಿದಿರಲಿ. ತೊಂದರೆ ಬಂದಾಗ ಎಲ್ಲಿ ನೋಡಬೇಕು ಅಂತ ಆಗ ಗೊತ್ತಾಗುತ್ತದೆ. ನೀವು ಮಾತಾಡಿದ್ದನ್ನು ತಂತ್ರಾಂಶ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸುತ್ತದೆ. ಅಂದರೆ ಸೆಕೆಂಡಿಗೆ 50 ಚೂರು. ಪ್ರತಿ ಚೂರನ್ನೂ ಕುಗ್ಗಿಸಿ, ಒಂದು ಪ್ಯಾಕೆಟ್ ಮಾಡಿ ಕಳಿಸುತ್ತದೆ. ಹೀಗೆ ಕುಗ್ಗಿಸಿ, ಆ ಕಡೆ ಮತ್ತೆ ಬಿಡಿಸುವ ಲೆಕ್ಕಾಚಾರಕ್ಕೆ ಕೋಡೆಕ್ ಅಂತ ಹೆಸರು. ಇವತ್ತು ಬಹಳ ಕಡೆ ಬಳಕೆಯಲ್ಲಿರುವ ಓಪಸ್ ಕೋಡೆಕ್ 2012ರಲ್ಲಿ ಮಾನಕವಾಯಿತು. ಅದರ ಒಂದು ಭಾಗ ಸ್ಕೈಪ್‌ನವರು ಮಾಡಿದ ಸಿಲ್ಕ್ ಕೋಡೆಕ್‌ನಿಂದ ಬಂದದ್ದು. ಸ್ಕೈಪ್ ಹೋದರೂ ಅದರ ಅಂಶ ಇನ್ನೂ ಕೆಲಸ ಮಾಡುತ್ತಲೇ ಇದೆ.

ಈ ಪ್ಯಾಕೆಟ್‌ಗಳು ಹೊತ್ತಿಗೆ ಸರಿಯಾಗಿ ತಲುಪಬೇಕು. ಸಿನಿಮಾ ಡೌನ್‌ಲೋಡ್ ಮಾಡುವಾಗ ಒಂದು ಚೂರು ಕಳೆದುಹೋದರೆ ಮತ್ತೆ ತರಿಸಿಕೊಳ್ಳಬಹುದು. ಕರೆಯಲ್ಲಿ ಕಾಯುವಷ್ಟು ಪುರುಸೊತ್ತಿಲ್ಲ. ತಡವಾಗಿ ಬಂದದ್ದನ್ನು ತಂತ್ರಾಂಶ ಎಸೆದುಬಿಡುತ್ತದೆ. ನಿಮಗೆ ಕೇಳಿಸುವ "ಕಟ್ ಕಟ್" ಅದೇ.

1. ತಂತ್ರಾಂಶ ಆರಿಸಿಕೊಳ್ಳಿ

2003ರಲ್ಲಿ ಶುರುವಾದ ಸ್ಕೈಪ್ ಅನ್ನು ಮೈಕ್ರೋಸಾಫ್ಟ್ 2011ರಲ್ಲಿ ಕೊಂಡಿತು, 2025ರ ಮೇ 5ರಂದು ನಿಲ್ಲಿಸಿತು. ಅದರ ಜಾಗಕ್ಕೆ ಟೀಮ್ಸ್ ಬಳಸಿ ಅಂತ ಕಂಪನಿಯೇ ಹೇಳಿದೆ. ಆದರೆ ಎಲ್ಲ ಕೆಲಸಕ್ಕೂ ಒಂದೇ ತಂತ್ರಾಂಶ ಬೇಕು ಅನ್ನುವ ಹಟ ಬೇಡ.

ನಿಯಮಿತ ತರಗತಿಗೆ ನಿಮ್ಮ ವಿಶ್ವವಿದ್ಯಾಲಯ ಯಾವುದಕ್ಕೆ ಪರವಾನಗಿ ಪಡೆದಿದೆಯೋ ಅದನ್ನೇ ಬಳಸಿ. ಝೂಮ್, ಟೀಮ್ಸ್, ಗೂಗಲ್ ಮೀಟ್ ಮೂರರಲ್ಲಿ ಯಾವುದಾದರೂ ಸರಿ. ವಿದ್ಯಾರ್ಥಿಗಳ ಖಾತೆಗಳು ಅದರಲ್ಲೇ ಇರುತ್ತವೆ, ತೊಂದರೆ ಬಂದರೆ ಕೇಳಲು ಕಚೇರಿಯಲ್ಲಿ ಒಬ್ಬರಿರುತ್ತಾರೆ. ಸ್ವಂತ ಉಚಿತ ಖಾತೆಯಲ್ಲಿ ಪಾಠ ಮಾಡುವುದಾದರೆ ಸಮಯದ ಮಿತಿ ನೆನಪಿರಲಿ. ಝೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ. ಸಂದರ್ಶನ ಕೊಡುತ್ತಿರುವವರು ಮುಖ್ಯ ವಿಷಯಕ್ಕೆ ಬರುವ ಹೊತ್ತಿಗೆ ಕರೆ ಕಟ್ ಆದರೆ ಆ ಮಾತು ಮತ್ತೆ ಅದೇ ರೀತಿ ಬರುವುದಿಲ್ಲ.

ವಿಶ್ವವಿದ್ಯಾಲಯಕ್ಕೆ ತನ್ನದೇ ಸರ್ವರ್ ಇದ್ದರೆ ಬಿಗ್‌ಬ್ಲೂಬಟನ್ ನೋಡಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದೇ ಹುಟ್ಟಿದ ಮುಕ್ತ ತಂತ್ರಾಂಶ ಇದು. ಬೋರ್ಡು, ಮತದಾನ, ಸಣ್ಣ ಗುಂಪು ಎಲ್ಲ ಇದೆ, ಪಾಠ, ಹೋಮ್‌ವರ್ಕ್ ನೋಡಿಕೊಳ್ಳುವ ಮೂಡಲ್ ತಂತ್ರಾಂಶದ ಜತೆಗೂ ಹೊಂದಿಕೊಳ್ಳುತ್ತದೆ. ಜಿಟ್ಸಿ ಕೂಡ ಮುಕ್ತ ತಂತ್ರಾಂಶವೇ. ಅದರಲ್ಲಿ ಸೇರುವವರಿಗೆ ಖಾತೆಯೇ ಬೇಡ, ಬ್ರೌಸರ್ ಇದ್ದರೆ ಸಾಕು.

ಸಂಶೋಧನಾ ಸಂದರ್ಶನಕ್ಕೆ ಲೆಕ್ಕ ಬೇರೆ. ಎದುರಿನವರಿಗೆ ಯಾವುದು ರೂಢಿಯೋ ಅದನ್ನೇ ಆರಿಸಿ. ಎಪ್ಪತ್ತು ವರ್ಷದವರಿಗೆ ಹೊಸ ಆ್ಯಪ್ ಹಾಕಿಸಲು ಹೋದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ, ಅವರ ಉತ್ಸಾಹವೂ ಹೋಗುತ್ತದೆ. ವಾಟ್ಸ್ಯಾಪ್ ಗೊತ್ತಿದ್ದರೆ ವಾಟ್ಸ್ಯಾಪ್.

ಎಚ್ಚರಿಕೆ: ಎಲ್ಲ ತಂತ್ರಾಂಶ ಎಲ್ಲ ದೇಶದಲ್ಲೂ ನಡೆಯುವುದಿಲ್ಲ. ಚೀನಾದಲ್ಲಿ ಗೂಗಲ್, ವಾಟ್ಸ್ಯಾಪ್ ಎರಡಕ್ಕೂ ತಡೆ ಇದೆ. ಕೆಲವು ಕೊಲ್ಲಿ ದೇಶಗಳಲ್ಲಿ ವಾಟ್ಸ್ಯಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ದಿನ ಗೊತ್ತುಮಾಡುವ ಮೊದಲೇ "ನಿಮ್ಮಲ್ಲಿ ಯಾವುದು ನಡೆಯುತ್ತೆ?" ಅಂತ ಕೇಳಿ.

2. ಹೆಡ್‌ಸೆಟ್ ಮತ್ತು ಕೋಣೆ

ಲ್ಯಾಪ್‌ಟಾಪಿನ ಒಳಗಿನ ಮೈಕು ಕೀಬೋರ್ಡಿನ ಪಕ್ಕದಲ್ಲೇ ಇರುತ್ತದೆ. ನೀವು ಟೈಪ್ ಮಾಡಿದ್ದು, ಫ್ಯಾನ್ ತಿರುಗಿದ್ದು ಎಲ್ಲ ಅದಕ್ಕೆ ಮೊದಲು ಕೇಳುತ್ತದೆ, ನಿಮ್ಮ ಮಾತು ಆಮೇಲೆ. ವೈರ್ ಇರುವ ಸಾದಾ ಹೆಡ್‌ಸೆಟ್ ಹಾಕಿಕೊಂಡರೂ ಸಾಕು, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಬ್ಲೂಟೂತ್ ಹೆಡ್‌ಸೆಟ್ ವಿಷಯದಲ್ಲಿ ಒಂದು ಮರ್ಮ ಇದೆ. ಅದರಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ ಅಂತ ಕರೆಯೂ ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ. ಮೈಕು ಆನ್ ಆದ ಕೂಡಲೇ ಬಹಳಷ್ಟು ಬ್ಲೂಟೂತ್ ಸಾಧನಗಳು ಕರೆಗೆ ಅಂತ ಇರುವ ಬೇರೊಂದು ವಿಧಾನಕ್ಕೆ ಬದಲಾಗುತ್ತವೆ. ಆಗ ಎರಡೂ ಕಡೆಯ ಧ್ವನಿಯ ಗುಣಮಟ್ಟ ಇಳಿಯುತ್ತದೆ. ಜತೆಗೆ ಪಾಠದ ನಡುವೆ ಬ್ಯಾಟರಿ ಮುಗಿಯುವ ಭಯ ಬೇರೆ. ವೈರ್ ಇರುವುದನ್ನೇ ನಂಬಿ.

ಮೈಕನ್ನು ಬಾಯಿಯ ನೇರಕ್ಕೆ ಇಡಬೇಡಿ. ತುಟಿಯ ಒಂದು ಪಕ್ಕಕ್ಕೆ, ಎರಡು ಬೆರಳಷ್ಟು ದೂರ ಇಡಿ. ನೇರಕ್ಕಿದ್ದರೆ 'ಪ', 'ಫ', 'ಭ' ಅಂದಾಗಲೆಲ್ಲ ಉಸಿರು ಬಡಿದು ಢಬ್ ಅನ್ನುತ್ತದೆ. "ಪುಸ್ತಕದ ಪುಟ ಐವತ್ತೈದು" ಅಂತ ಒಮ್ಮೆ ರೆಕಾರ್ಡ್ ಮಾಡಿ ಕೇಳಿ ನೋಡಿ, ತಕ್ಷಣ ತಿಳಿಯುತ್ತದೆ.

ಖಾಲಿ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಪುಸ್ತಕದ ಕಪಾಟು, ಪರದೆ, ಹಾಸಿಗೆ ಇರುವ ಕೋಣೆ ಒಳ್ಳೆಯದು. ದೊಡ್ಡ ಸೆಮಿನಾರ್ ಹಾಲ್‌ಗಿಂತ ನಿಮ್ಮ ಸಾಮಾನು ತುಂಬಿದ ಚಿಕ್ಕ ಕೋಣೆಯೇ ವಾಸಿ.

3. ಇಂಟರ್‌ನೆಟ್ ಪರೀಕ್ಷಿಸಿ

"ನನ್ನದು 100 ಎಂಬಿಪಿಎಸ್ ಲೈನು, ಆದರೂ ಧ್ವನಿ ಕಡಿಯುತ್ತೆ" ಅನ್ನುವ ದೂರು ಸಾಮಾನ್ಯ. ಧ್ವನಿ ಕರೆಗೆ ಅಷ್ಟು ವೇಗ ಬೇಕಾಗಿಯೇ ಇಲ್ಲ. ಸೆಕೆಂಡಿಗೆ 80 ಕಿಲೋಬಿಟ್ ಇದ್ದರೂ ಸಾಕು. ಒಂದು ಗಂಟೆಯ ಕರೆಗೆ ಒಂದು ದಿಕ್ಕಿನಲ್ಲಿ ಸುಮಾರು 36 ಎಂಬಿ ಆಯಿತು, ಅಷ್ಟೆ. ನೀವು ನೋಡಬೇಕಾದ ಸಂಗತಿಗಳು ಬೇರೆ ಮೂರು ಇವೆ.

ಮೊದಲನೆಯದು ಲೇಟೆನ್ಸಿ. ನಿಮ್ಮ ಮಾತು ಆ ಕಡೆ ತಲುಪಲು ಹಿಡಿಯುವ ಸಮಯ ಅದು. ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆ ಸಹಜವಾಗಿರುತ್ತದೆ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. 400 ದಾಟಿದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಅನ್ನುತ್ತ ಕೂರಬೇಕಾಗುತ್ತದೆ.

ಎರಡನೆಯದು ಜಿಟರ್. ಪ್ಯಾಕೆಟ್‌ಗಳು ಒಂದೇ ಸಮನೆ ಬರದೆ ಒಮ್ಮೆ ಬೇಗ ಒಮ್ಮೆ ತಡವಾಗಿ ಬರುವುದು. ಮೂರನೆಯದು ಪ್ಯಾಕೆಟ್ ಲಾಸ್, ದಾರಿಯಲ್ಲೇ ಕಳೆದುಹೋಗುವುದು. ವೇಗ ಅಳೆಯುವ ಹಲವು ವೆಬ್‌ಸೈಟುಗಳು ಪಿಂಗ್ (ಹೋಗಿ ಬರಲು ಹಿಡಿಯುವ ಸಮಯ), ಜಿಟರ್ ಅಂಕಿಗಳನ್ನೂ ತೋರಿಸುತ್ತವೆ. ಅಪ್‌ಲೋಡ್ ಅಂಕಿಯನ್ನೂ ನೋಡಿ. ನಿಮ್ಮ ಮಾತು ಹೋಗುವುದು ಅಪ್‌ಲೋಡ್ ದಾರಿಯಲ್ಲಿ, ಡೌನ್‌ಲೋಡ್‌ನಲ್ಲಿ ಅಲ್ಲವಲ್ಲ.

ಇನ್ನು ಮದ್ದು. ಸಾಧ್ಯವಾದರೆ ರೂಟರ್‌ಗೆ ನೇರ ಕೇಬಲ್ ಹಾಕಿ. ಆಗದಿದ್ದರೆ ರೂಟರ್ ಇರುವ ಕೋಣೆಯಲ್ಲೇ ಕೂತುಕೊಳ್ಳಿ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಸಿಂಕ್ ನಿಲ್ಲಿಸಿ. ಇವು ಸದ್ದಿಲ್ಲದೆ ಅಪ್‌ಲೋಡ್ ದಾರಿಯನ್ನೆಲ್ಲ ತುಂಬಿಕೊಂಡಿರುತ್ತವೆ, ನಿಮಗೆ ಗೊತ್ತೇ ಆಗುವುದಿಲ್ಲ. ಕರೆಗೆ ಸ್ವಲ್ಪ ಮುಂಚೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪ್ ಅದಕ್ಕೆ ಒಮ್ಮೆಯಾದರೂ ಸಂಪರ್ಕಗೊಂಡಿರುವಂತೆ ನೋಡಿಕೊಳ್ಳಿ. ಲೈನ್ ಹೋದ ಮೇಲೆ ಪಾಸ್‌ವರ್ಡ್ ಹುಡುಕುವುದು ಬೇಡ.

ಕೊನೆಗೆ ಒಂದು ಪರೀಕ್ಷಾ ಕರೆ. ಝೂಮ್, ಟೀಮ್ಸ್ ಎರಡರಲ್ಲೂ ನೀವು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ನಿಮಗೇ ಕೇಳಿಸುವ ಸೌಲಭ್ಯ ಇದೆ. ಬರೀ ಮೀಟರ್ ಕುಣಿಯುತ್ತಿದೆ ಅಂತ ಬಿಡಬೇಡಿ. ನಿಜವಾಗಿ ಕೇಳಿ. ಮೀಟರ್ ಕುಣಿಯುತ್ತಿರುವುದು ನೀವು ಹಾಕಿಕೊಂಡ ಹೆಡ್‌ಸೆಟ್‌ನಿಂದಲೋ, ಲ್ಯಾಪ್‌ಟಾಪಿನ ಮೈಕಿನಿಂದಲೋ ಅಂತ ತಿಳಿಯಲು ಹೆಡ್‌ಸೆಟ್ ಮೈಕಿನ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಸದ್ದು ಜೋರಾಗಿ ಬಂದರೆ ಸರಿಯಾದ ಮೈಕು ಆಯ್ಕೆಯಾಗಿದೆ.

4. ಹೊತ್ತು ಗೊತ್ತುಮಾಡುವುದು

ಬೇರೆ ದೇಶದವರ ಜತೆ ಕರೆ ಇದ್ದರೆ ಎರಡೂ ಕಡೆಯ ಸಮಯ ಬರೆದು, ಜತೆಗೆ ಯುಟಿಸಿ ಸಮಯವನ್ನೂ ಬರೆಯಿರಿ. ಯುಟಿಸಿ ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಮೂಲ ಗಡಿಯಾರ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ, ನೇಪಾಳ ಐದೂಮುಕ್ಕಾಲು. ಈ ಅರ್ಧ, ಮುಕ್ಕಾಲು ಗಂಟೆಯಲ್ಲೇ ಎಷ್ಟೋ ಜನ ಎಡವುತ್ತಾರೆ.

ಇನ್ನೊಂದು ಗುಂಡಿ ಬೇಸಿಗೆ ಗಡಿಯಾರ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಯುರೋಪಿನಲ್ಲಿ ಇದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಮೂವರು ಪರೀಕ್ಷಕರು ಮೂರು ಕಡೆ ಇರುವ ವೈವಾ, ಅಂದರೆ ಪಿಎಚ್‌ಡಿಯ ಮೌಖಿಕ ಪರೀಕ್ಷೆ, ಈ ವಾರಗಳಲ್ಲಿ ಬಿದ್ದರೆ ಒಬ್ಬರಾದರೂ ಒಂದು ಗಂಟೆ ಮೊದಲೋ ಆಮೇಲೋ ಬರುತ್ತಾರೆ. ಕ್ಯಾಲೆಂಡರ್ ಆಹ್ವಾನ ಕಳಿಸಿ, ಅದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. "ರಾತ್ರಿ 12 ಗಂಟೆಗೆ" ಅಂತ ಮಾತ್ರ ಎಂದೂ ಬರೆಯಬೇಡಿ. ಅದು ಯಾವ ದಿನದ ರಾತ್ರಿ ಅಂತ ಜಗಳವೇ ಆಗಬಹುದು.

5. ತರಗತಿ ನಡೆಸುವುದು

ಪಾಠದ ಲಿಂಕನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. 2020ರಲ್ಲಿ ತರಗತಿಗಳೆಲ್ಲ ಆನ್‌ಲೈನ್ ಆದಾಗ ಅಪರಿಚಿತರು ನುಗ್ಗಿ ಗಲಾಟೆ ಎಬ್ಬಿಸಿದ್ದು ಬಹಳ ಕಡೆ ನಡೆಯಿತು. ವೇಟಿಂಗ್ ರೂಮ್ ಆನ್ ಇಡಿ. ಬಂದವರು ಹೊರಗೆ ಕಾದು, ನೀವು ಒಪ್ಪಿದ ಮೇಲೆ ಒಳಗೆ ಬರುವ ವ್ಯವಸ್ಥೆ ಅದು. ಪರದೆ ಹಂಚಿಕೊಳ್ಳುವ ಅಧಿಕಾರ ನಿಮ್ಮಲ್ಲೇ ಇರಲಿ.

ತರಗತಿಯಲ್ಲಿ ಎಲ್ಲರೂ ಮ್ಯೂಟ್ ಆಗಿರಬೇಕು ಅನ್ನುವ ನಿಯಮ ಐವತ್ತು ಜನರಿಗೆ ಸರಿ. ಎಂಟು ಜನರ ಸೆಮಿನಾರ್‌ಗೆ ಅದು ತಪ್ಪು ಅನ್ನುತ್ತೇನೆ. ಹೆಡ್‌ಸೆಟ್ ಇರುವ ಎಂಟು ಜನ ಮೈಕು ತೆರೆದಿಟ್ಟರೆ "ಹ್ಞೂಂ", ನಗು, ನಿಟ್ಟುಸಿರು ಎಲ್ಲ ಕೇಳಿಸುತ್ತದೆ. ಅದಿಲ್ಲದೆ ಪಾಠ ಮಾಡುವವರಿಗೆ ಖಾಲಿ ಹಾಲ್‌ನಲ್ಲಿ ಮಾತಾಡಿದ ಹಾಗಾಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಎದುರಾಬದುರು ಇದ್ದಾಗ ಎರಡು ಸೆಕೆಂಡ್ ಕಾದರೆ ಸಾಕು. ಇಲ್ಲಿ ಮಾತು ತಲುಪಬೇಕು, ಅವರು ಯೋಚಿಸಬೇಕು, ಮ್ಯೂಟ್ ತೆಗೆಯಬೇಕು. ಏಳೆಂಟು ಸೆಕೆಂಡ್ ಆದರೂ ಬಿಡಿ. ಆ ಮೌನ ನಿಮಗೆ ಮುಜುಗರ ಅನ್ನಿಸುತ್ತದೆ, ಅವರಿಗೆ ಅನ್ನಿಸುವುದಿಲ್ಲ.

"ಅರ್ಥ ಆಯ್ತಾ?" ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಬದಲಿಗೆ ಹೀಗೆ ಮಾಡಿ: "ಈ ಸಮೀಕರಣದ ಎಡಭಾಗದಲ್ಲಿ ಏನು ಬರುತ್ತೆ ಅಂತ ಚಾಟ್‌ನಲ್ಲಿ ಟೈಪ್ ಮಾಡಿ, ಆದರೆ ನಾನು ಹೇಳುವವರೆಗೂ ಎಂಟರ್ ಒತ್ತಬೇಡಿ." ಒಂದು ನಿಮಿಷ ಬಿಟ್ಟು "ಈಗ ಒತ್ತಿ" ಅನ್ನಿ. ಮೂವತ್ತು ಉತ್ತರ ಒಮ್ಮೆಲೇ ಬಂದು ಬೀಳುತ್ತವೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯಲು ಆಗುವುದಿಲ್ಲ. ಎಲ್ಲಿ ಎಡವುತ್ತಿದ್ದಾರೆ ಅಂತ ಒಂದೇ ನೋಟಕ್ಕೆ ಸಿಗುತ್ತದೆ.

ನೆಟ್ ದುರ್ಬಲವಾಗಿರುವ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಸ್ಲೈಡುಗಳನ್ನು ಮೊದಲೇ ಪಿಡಿಎಫ್ ಮಾಡಿ ಕಳಿಸಿ, ಪಾಠದಲ್ಲಿ "ಈಗ ಸ್ಲೈಡ್ 7" ಅಂತ ಬಾಯಲ್ಲಿ ಹೇಳುತ್ತ ಹೋಗಿ. ಅವರು ವಿಡಿಯೊ ಆಫ್ ಮಾಡಿ ಬರೀ ಧ್ವನಿಯಲ್ಲೇ ಪಾಠ ಕೇಳಬಹುದು. "ಇಲ್ಲಿ ನೋಡಿ, ಇದು ಹೀಗೆ" ಅಂತ ಬೆರಳು ತೋರಿಸುವ ಪಾಠ ಇಲ್ಲಿ ನಡೆಯುವುದಿಲ್ಲ.

ಸಂಗೀತ ಹೇಳಿಕೊಡುವವರಿಗೆ ಒಂದು ಮಾತು. ಈ ತಂತ್ರಾಂಶಗಳಲ್ಲಿ ಗದ್ದಲ ಕಡಿಮೆ ಮಾಡುವ ಸೌಲಭ್ಯ ತಾನಾಗಿಯೇ ಆನ್ ಇರುತ್ತದೆ. ಒಂದೇ ಸಮನೆ ಬರುವ ಶಬ್ದವನ್ನು ಅದು ಗದ್ದಲ ಅಂದುಕೊಳ್ಳುತ್ತದೆ. ಪಾಪ, ಅದಕ್ಕೇನು ಗೊತ್ತು? ತಂಬೂರಿಯ ಶ್ರುತಿಯನ್ನೇ ಅಳಿಸಿಬಿಡುತ್ತದೆ. ಝೂಮ್‌ನಲ್ಲಿ ಸಂಗೀತಗಾರರಿಗೆ ಅಂತ ಮೂಲ ಧ್ವನಿಯನ್ನೇ ಕಳಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಆದರೂ ಇಬ್ಬರು ಒಟ್ಟಿಗೆ ಹಾಡಲು ಆಗದು. ತಾಳ ತಪ್ಪದೆ ಒಟ್ಟಿಗೆ ನುಡಿಸಬೇಕಾದರೆ ತಡ ಸುಮಾರು 25 ಮಿಲಿಸೆಕೆಂಡ್ ಒಳಗಿರಬೇಕು, ಸಾಮಾನ್ಯ ಕರೆಯಲ್ಲಿ ಅದು ಸಿಗುವುದಿಲ್ಲ. ಒಬ್ಬರು ಹಾಡಿ ಇನ್ನೊಬ್ಬರು ಒಪ್ಪಿಸುವ ಪಾಠ ಮಾತ್ರ ಸಾಧ್ಯ.

6. ದೂರದ ಅತಿಥಿ, ಎದುರಿಗೆ ತುಂಬಿದ ತರಗತಿ

ಅತಿಥಿ ಉಪನ್ಯಾಸಕರು ಪರದೆಯ ಮೇಲೆ, ವಿದ್ಯಾರ್ಥಿಗಳು ಕೋಣೆಯಲ್ಲಿ. ಇದೇ ಅತಿ ಹೆಚ್ಚು ಕೆಡುವ ಜೋಡಣೆ. ಅತಿಥಿಯ ಧ್ವನಿ ಕೋಣೆಯ ಸ್ಪೀಕರ್‌ನಿಂದ ಹೊರಟು, ಅದೇ ಕೋಣೆಯ ಮೈಕಿಗೆ ಹೋಗಿ, ಅವರಿಗೇ ವಾಪಸ್ ಕೇಳುತ್ತದೆ. ಅದೇ ಎಕೋ.

ಎಕೋ ಬಂದಾಗ ಜನ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ನೆನಪಿಡಿ: ತನ್ನ ಧ್ವನಿ ತನಗೇ ಕೇಳಿಸುತ್ತಿರುವವರ ಸಾಧನದಲ್ಲಿ ಸಾಮಾನ್ಯವಾಗಿ ದೋಷ ಇರುವುದಿಲ್ಲ. ದೋಷ ಇರುವುದು ಸ್ಪೀಕರ್ ಜೋರಾಗಿಟ್ಟು ಮೈಕು ತೆರೆದಿಟ್ಟ ಇನ್ನೊಬ್ಬರ ಕಡೆ. ಅವರಿಗೆ ಮಾತ್ರ ಎಲ್ಲ ಚೆನ್ನಾಗಿ ಕೇಳುತ್ತಿರುತ್ತದೆ! ಹತ್ತು ಜನರ ಕರೆಯಾದರೆ ಒಬ್ಬೊಬ್ಬರನ್ನೇ ಮ್ಯೂಟ್ ಮಾಡುತ್ತ ಹೋಗಿ. ಯಾರನ್ನು ಮ್ಯೂಟ್ ಮಾಡಿದಾಗ ಎಕೋ ನಿಂತಿತೋ ಅವರಿಗೆ ಹೆಡ್‌ಸೆಟ್ ಹಾಕಿಕೊಳ್ಳಲು ಹೇಳಿ.

ಕೋಣೆಯಲ್ಲಿ ಒಂದೇ ಮೈಕು, ಒಂದೇ ಸ್ಪೀಕರ್ ಆನ್ ಇರಲಿ. ವಿದ್ಯಾರ್ಥಿಗಳು ತಮ್ಮ ಫೋನಿನಲ್ಲೂ ಅದೇ ಕರೆಗೆ ಸೇರಿ ಧ್ವನಿ ತೆರೆದರೆ ಕೀರಲು ಶಬ್ದ ಏಳುತ್ತದೆ. ಪ್ರಶ್ನೆ ಕೇಳುವವರು ಎದ್ದು ಮೈಕಿನ ಹತ್ತಿರ ಬರಬೇಕು. ಹಿಂದಿನ ಬೆಂಚಿನಿಂದ ಕೂಗಿದ್ದು ಅತಿಥಿಗೆ ಗುಸುಗುಸು ಅಂತ ಮಾತ್ರ ಕೇಳುತ್ತದೆ. ಬರಲಾಗದಿದ್ದರೆ ನೀವೇ ಪ್ರಶ್ನೆಯನ್ನು ಮೈಕಿನಲ್ಲಿ ಮತ್ತೆ ಹೇಳಿ. ಇದು ಸಣ್ಣ ಕೆಲಸ, ಆದರೆ ನಿಮ್ಮ ವಿಭಾಗದ ಮರ್ಯಾದೆ ಉಳಿಸುವುದು ಇದೇ.

7. ಸಂಶೋಧನಾ ಸಂದರ್ಶನ

ಮೊದಲು ಒಪ್ಪಿಗೆ. ನಿಮ್ಮ ಸಂಸ್ಥೆಯಲ್ಲಿ ಎಥಿಕ್ಸ್ ಕಮಿಟಿ ಇದ್ದರೆ, ಅಂದರೆ ಮನುಷ್ಯರನ್ನು ಒಳಗೊಂಡ ಅಧ್ಯಯನಕ್ಕೆ ಅನುಮತಿ ಕೊಡುವ ಸಮಿತಿ ಇದ್ದರೆ, ಯಾವ ತಂತ್ರಾಂಶ ಬಳಸುತ್ತೀರಿ, ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಅಂತ ಅರ್ಜಿಯಲ್ಲೇ ಬರೆಯಿರಿ. ಕರೆಯಲ್ಲಿ ಒಪ್ಪಿಗೆಯನ್ನು ಎರಡು ಸಲ ಕೇಳಿ. ರೆಕಾರ್ಡಿಂಗ್ ಒತ್ತುವ ಮೊದಲು ಒಮ್ಮೆ. ಒತ್ತಿದ ಮೇಲೆ, ದಾಖಲೆಗೆ ಸಿಗುವಂತೆ, ಇನ್ನೊಮ್ಮೆ. "ಯಾವಾಗ ಬೇಕಾದರೂ ನಿಲ್ಲಿಸಿ ಅನ್ನಬಹುದು" ಅಂತಲೂ ಹೇಳಿ. ಅವರ ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ಕೇಳಿ. ಅತ್ತೆ, ಗಂಡ ಅಥವಾ ಮೇಲಧಿಕಾರಿ ಪಕ್ಕದಲ್ಲೇ ಕೂತಿದ್ದರೆ ಉತ್ತರ ಬೇರೆಯೇ ಆಗುತ್ತದೆ, ನಿಮಗೆ ಅದು ಕಾಣುವುದೂ ಇಲ್ಲ.

ವಿಷಯ ಸೂಕ್ಷ್ಮವಾಗಿದ್ದರೆ ಎಂಡ್‌-ಟು‌-ಎಂಡ್ ಎನ್‌ಕ್ರಿಪ್ಶನ್ ಇರುವ ಕರೆ ಬಳಸಿ. ಮಾತು ನಿಮ್ಮ ಸಾಧನದಲ್ಲೇ ಬೀಗ ಹಾಕಿಕೊಂಡು ಹೊರಟು ಅವರ ಸಾಧನದಲ್ಲೇ ತೆರೆಯುತ್ತದೆ, ನಡುವೆ ಕಂಪನಿಗೂ ಕೇಳುವುದಿಲ್ಲ ಅಂತ ಅರ್ಥ. ಸಿಗ್ನಲ್, ವಾಟ್ಸ್ಯಾಪ್ ಆ್ಯಪ್‌ಗಳ ಕರೆಗಳಲ್ಲಿ ಇದು ತಾನಾಗಿಯೇ ಇದೆ. ಝೂಮ್‌ನಲ್ಲಿ ನೀವೇ ಆನ್ ಮಾಡಬೇಕು. ಆನ್ ಮಾಡಿದರೆ ಕ್ಲೌಡ್ ರೆಕಾರ್ಡಿಂಗ್, ಅಂದರೆ ಝೂಮ್‌ನ ಸರ್ವರ್‌ನಲ್ಲೇ ಉಳಿಯುವ ರೆಕಾರ್ಡಿಂಗ್, ಸಿಗುವುದಿಲ್ಲ.

ಈಗ ರೆಕಾರ್ಡಿಂಗ್. ಕರೆಯ ಮೂಲಕ ಬಂದ ಧ್ವನಿ ಕುಗ್ಗಿಸಿ ಬಿಡಿಸಿದ್ದು, ಅಲ್ಲಲ್ಲಿ ಚೂರು ಕಳೆದುಕೊಂಡದ್ದು, ಗದ್ದಲ ತೆಗೆಯುವ ಭರದಲ್ಲಿ ಪಿಸುಮಾತು, ಉಸಿರು ಕಳೆದುಕೊಂಡದ್ದು. ಅವರು ಹೇಳಿದ ವಿಷಯ ಮಾತ್ರ ಬೇಕಿದ್ದರೆ ಅದು ಸಾಕು. ಹೇಗೆ ಹೇಳಿದರು ಅನ್ನುವುದೂ ಬೇಕಿದ್ದರೆ ಸಾಲದು. ಭಾಷಾವಿಜ್ಞಾನದವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹಳೆಯ ದೂರವಾಣಿ ಹೊತ್ತೊಯ್ಯುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. 'ಸ'ಕಾರದ ಶಕ್ತಿ ಬಹುಪಾಲು ಇರುವುದು 4000 ಹರ್ಟ್ಸ್‌ನ ಮೇಲೆ. ಇಂಟರ್‌ನೆಟ್ ಕರೆ ಅದಕ್ಕಿಂತ ವಾಸಿ, ಆದರೂ ನೆಟ್ ದುರ್ಬಲವಾದ ಕೂಡಲೇ ಮೇಲಿನ ಭಾಗವೇ ಮೊದಲು ಹೋಗುತ್ತದೆ. ಅಂಥ ರೆಕಾರ್ಡಿಂಗನ್ನು ಧ್ವನಿ ಅಳೆಯುವ ಪ್ರಾಟ್ ತಂತ್ರಾಂಶದಲ್ಲಿ ತೆರೆದು ಸ, ಶ ಅಳೆಯಲು ಕೂತರೆ ನೀವು ಅಳೆಯುತ್ತಿರುವುದು ಅವರ ಉಚ್ಚಾರಣೆಯನ್ನೋ ಕೋಡೆಕ್‌ನ ಕೈಚಳಕವನ್ನೋ ಹೇಳುವುದು ಕಷ್ಟ.

ಇದಕ್ಕೆ ಉಪಾಯ ಎರಡೂ ಕಡೆ ರೆಕಾರ್ಡ್ ಮಾಡುವುದು. ಕ್ರಮ ಹೀಗೆ. ನೀವು ನಿಮ್ಮ ಧ್ವನಿಯನ್ನು ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೋ ಬೇರೆ ರೆಕಾರ್ಡರ್‌ನಲ್ಲೋ ಹಿಡಿದಿಡಿ. ಅವರು ತಮ್ಮ ಧ್ವನಿಯನ್ನು ಇನ್ನೊಂದು ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ಹಿಡಿಯಲಿ. ಫೋನನ್ನು ಮೇಜಿನ ಮೇಲೆ ಬರಿದೇ ಇಡದೆ ಮಡಚಿದ ಬಟ್ಟೆಯ ಮೇಲೆ ಇಡಲು ಹೇಳಿ, ಮೇಜು ತಟ್ಟಿದ ಸದ್ದು ಬರುವುದಿಲ್ಲ. ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರ ಫೈಲಿಗೆ ನುಗ್ಗುತ್ತದೆ. ಶುರುವಿನಲ್ಲಿ "ಒಂದು, ಎರಡು, ಮೂರು" ಅಂತ ಎಣಿಸಿ ಇಬ್ಬರೂ ಒಂದು ಚಪ್ಪಾಳೆ ತಟ್ಟಿ. ಕೊನೆಯಲ್ಲೂ ತಟ್ಟಿ. ಆಮೇಲೆ ಎರಡು ಫೈಲುಗಳನ್ನು ಜೋಡಿಸುವಾಗ ಆ ಎರಡು ಚೂಪಾದ ಗೆರೆಗಳು ಗುರುತಿಗೆ ಸಿಗುತ್ತವೆ. ಕೊನೆಯ ಚಪ್ಪಾಳೆ ಯಾಕೆ ಅಂದರೆ, ಎರಡು ಸಾಧನಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದು ಗಂಟೆಯಲ್ಲಿ ಅಷ್ಟಿಷ್ಟು ಜಾರಿರುತ್ತದೆ.

ಫೈಲ್ ವೇವ್ ರೂಪದಲ್ಲಿರಲಿ. ಅದು ಕುಗ್ಗಿಸದ ಧ್ವನಿ. 48 ಕಿಲೋಹರ್ಟ್ಸ್, 16 ಬಿಟ್, ಮೊನೊ ಇಟ್ಟರೆ ಗಂಟೆಗೆ ಸುಮಾರು 345 ಎಂಬಿ. ಎಂಪಿ3 ಆದರೆ ಇದಕ್ಕಿಂತ ಬಹಳ ಚಿಕ್ಕದಾಗುತ್ತದೆ, ಅದಕ್ಕೇ ಜನ ಅದಕ್ಕೆ ಮರುಳಾಗುತ್ತಾರೆ. ಮೊದಲು ವೇವ್ ಉಳಿಸಿ, ಹಂಚಲು ಬೇಕಾದರೆ ಎಂಪಿ3 ಮಾಡಿಕೊಳ್ಳಿ. ಎಂಪಿ3ಯಿಂದ ವೇವ್ ಮಾಡಿದರೆ ಹೋದದ್ದು ವಾಪಸ್ ಬರುವುದಿಲ್ಲ. ರೆಕಾರ್ಡ್ ಮಾಡುವಾಗ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸು ಆಡುತ್ತಿರಲಿ. ಸೊನ್ನೆ ಮುಟ್ಟಿದರೆ ಧ್ವನಿ ಹರಿದುಹೋಗುತ್ತದೆ. ಅದನ್ನು ಆಮೇಲೆ ಸರಿಮಾಡಲಾಗದು.

ಎದುರಿನವರಿಗೆ ಇಷ್ಟೆಲ್ಲ ಮಾಡಲು ಆಗದಿದ್ದರೆ ಝೂಮ್‌ನಲ್ಲಿ ನಿಮ್ಮ ಕಂಪ್ಯೂಟರಿಗೇ ರೆಕಾರ್ಡ್ ಮಾಡುವಾಗ ಒಬ್ಬೊಬ್ಬರ ಧ್ವನಿಯನ್ನು ಬೇರೆ ಬೇರೆ ಫೈಲಾಗಿ ಉಳಿಸುವ ಆಯ್ಕೆ ಆನ್ ಮಾಡಿ. ಇಬ್ಬರೂ ಒಟ್ಟಿಗೆ ಮಾತಾಡಿದ ಜಾಗದಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಎಚ್ಚರಿಕೆ: ಇತ್ತೀಚೆಗೆ ಟಿಪ್ಪಣಿ ಬರೆದುಕೊಳ್ಳುವ ಎಐ ಸಹಾಯಕಗಳು ಕರೆಗೆ ತಾವಾಗಿಯೇ ಬಂದು ಸೇರುತ್ತವೆ. ಭಾಗವಹಿಸುವವರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡರೆ ಹೊರಗೆ ಹಾಕಿ. ನಿಮ್ಮ ಒಪ್ಪಿಗೆ ಪತ್ರದಲ್ಲಿ ಇಲ್ಲದ ಕಂಪನಿಯ ಕೈಗೆ ಸಂದರ್ಶನ ಹೋಗಬಾರದು.

8. ನಡುವೆ ಕೈಕೊಟ್ಟರೆ

ಧ್ವನಿ ಕಡಿಯಲು ಶುರುವಾದರೆ ಈ ಕ್ರಮದಲ್ಲಿ ಮಾಡಿ. ಮೊದಲು ಇಬ್ಬರೂ ವಿಡಿಯೊ ಆಫ್. ಅರ್ಧದಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಮೇಲೆ ಬೇರೆ ಆ್ಯಪ್, ಬ್ರೌಸರ್ ಟ್ಯಾಬ್ ಮುಚ್ಚಿ. ಆಗಲೂ ಆಗದಿದ್ದರೆ ಕರೆ ಬಿಟ್ಟು ಮತ್ತೆ ಸೇರಿ. ಕೊನೆಗೆ ಹಾಟ್‌ಸ್ಪಾಟ್. ಕಂಪ್ಯೂಟರ್ ರಿಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡಿ, ಅಪ್‌ಡೇಟ್ ಶುರುವಾಗಿ ಅರ್ಧ ಗಂಟೆ ಕೂರಿಸಬಹುದು.

ಕರೆ ಕಟ್ ಆದರೆ ಯಾರು ಮತ್ತೆ ಮಾಡಬೇಕು ಅಂತ ಮೊದಲೇ ಮಾತಾಡಿಕೊಂಡಿರಿ. ಇಲ್ಲದಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಮಾಡುತ್ತ ಇಬ್ಬರಿಗೂ "ಬಿಜಿ" ಬರುತ್ತದೆ. "ನಾನೇ ಮಾಡುತ್ತೇನೆ, ಸುಮ್ನೆ ಕಾಯ್ತಾ ಇರಿ" ಅಂದರೆ ಮುಗಿಯಿತು. ಸಂದರ್ಶನದಲ್ಲಿ ಮತ್ತೆ ಸಂಪರ್ಕ ಸಿಕ್ಕಾಗ "ಏನು ಹೇಳ್ತಾ ಇದ್ರಿ?" ಅಂತ ಕೇಳಬೇಡಿ. ಅವರು ಮೊದಲಿನಿಂದ, ಚುಟುಕಾಗಿ ಹೇಳಿ ಮುಗಿಸುತ್ತಾರೆ. ನಿಮಗೆ ಕೊನೆಗೆ ಕೇಳಿದ ಮಾತನ್ನೇ ಎತ್ತಿಕೊಡಿ: "'ಅಪ್ಪ ಊರು ಬಿಟ್ಟ ವರ್ಷ' ಅಂದ್ರಿ, ಅಲ್ಲಿಗೆ ಕಟ್ ಆಯ್ತು." ಅವರು ಅಲ್ಲಿಂದಲೇ ಮುಂದುವರಿಸುತ್ತಾರೆ. ಇದಕ್ಕಾಗಿಯೇ ಕೈಯಲ್ಲಿ ಪೆನ್ನು ಇರಲಿ. ರೆಕಾರ್ಡಿಂಗ್ ನಡೆಯುತ್ತಿದೆ ಅಂತ ಬರೆಯುವುದನ್ನು ಬಿಡಬೇಡಿ.

ವೈವಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿ. ಪರೀಕ್ಷಕರ ಸಂಪರ್ಕ ಎಷ್ಟು ನಿಮಿಷ ಕಡಿದರೆ ಮುಂದೂಡುವುದು, ಯಾರು ತೀರ್ಮಾನ ಹೇಳುವುದು ಅಂತ ಶುರುವಿನಲ್ಲೇ ಅಧ್ಯಕ್ಷರು ಎಲ್ಲರಿಗೂ ಓದಿ ಹೇಳಲಿ. ಪರೀಕ್ಷಕರು ಗುಟ್ಟಾಗಿ ಚರ್ಚಿಸುವಾಗ ಅಭ್ಯರ್ಥಿಯನ್ನು ವೇಟಿಂಗ್ ರೂಮಿಗೆ ಕಳಿಸಿ. "ಸ್ವಲ್ಪ ಹೊತ್ತು ಕಿವಿ ಮುಚ್ಕೊಳ್ಳಿ" ಅನ್ನುವುದರ ಮೇಲೆ ನಂಬಿಕೆ ಇಡಲಾಗದು.

9. ಕರೆ ಮುಗಿದ ಮೇಲೆ

ಫೈಲನ್ನು ಆಗಲೇ ತೆರೆದು ಶುರು, ನಡು, ಕೊನೆ ಮೂರು ಕಡೆ ಕೇಳಿ. ಖಾಲಿ ಇದ್ದರೆ ಇವತ್ತೇ ಗೊತ್ತಾಗಬೇಕು. ನೆನಪು ಹಸಿಯಾಗಿರುವಾಗ ಕನಿಷ್ಠ ಟಿಪ್ಪಣಿಯಾದರೂ ಬರೆಯಬಹುದು. ಹೆಸರಿಡುವಾಗ ವ್ಯಕ್ತಿಯ ಹೆಸರು ಬೇಡ. ದಿನಾಂಕ ಮತ್ತು ಒಂದು ಸಂಕೇತ ಸಾಕು, ಸಂಕೇತ ಯಾರದು ಅನ್ನುವ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ.

ಒಂದು ಗಂಟೆಯ ಮಾತನ್ನು ಕೈಯಲ್ಲಿ ಬರಹಕ್ಕಿಳಿಸಲು ನಾಲ್ಕೈದು ಗಂಟೆ ಹಿಡಿಯುವುದು ಸಾಮಾನ್ಯ. ಯಂತ್ರದಿಂದ ಬರೆಸುವುದಾದರೆ 2022ರಲ್ಲಿ ಬಂದ ವಿಸ್ಪರ್ ತಂತ್ರಾಂಶವನ್ನು ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು, ಧ್ವನಿ ಹೊರಗೆ ಹೋಗುವುದಿಲ್ಲ. ಆದರೆ ಆಡುಮಾತಿನ ಕನ್ನಡ, ಕನ್ನಡ-ಇಂಗ್ಲಿಷ್ ಬೆರೆತ ಮಾತು ಬಂದರೆ ಅದು ಎಡವುತ್ತದೆ. ಮೌನ ಇರುವ ಕಡೆ ಯಾರೂ ಆಡದ ವಾಕ್ಯವನ್ನು ತಾನೇ ಬರೆದುಬಿಡುವುದೂ ಉಂಟು. ಹಾಗಾಗಿ ಧ್ವನಿ ಕೇಳುತ್ತ ಸಾಲುಸಾಲಾಗಿ ತಿದ್ದದೆ ಒಂದು ಮಾತನ್ನೂ ಪ್ರಬಂಧಕ್ಕೆ ಎತ್ತಿಕೊಳ್ಳಬೇಡಿ.

ಅಳಿಸುವ ದಿನ ಬಂದಾಗ ಫೈಲ್ ಎಲ್ಲೆಲ್ಲಿ ಇದೆ ಅಂತ ಹುಡುಕಬೇಕು. ಲ್ಯಾಪ್‌ಟಾಪಿನಲ್ಲಿ ಅಳಿಸಿದರೆ ಮುಗಿಯಲಿಲ್ಲ. ಫೋನು ತಾನಾಗಿಯೇ ಬ್ಯಾಕಪ್ ಮಾಡಿರಬಹುದು. ಸಹಾಯಕರಿಗೆ ಕಳಿಸಿದ ಮೇಲ್‌ನಲ್ಲಿ ಒಂದು ಪ್ರತಿ ಕೂತಿರಬಹುದು. ಝೂಮ್ ಕ್ಲೌಡ್‌ನಲ್ಲಿ ಅಳಿಸಿದ್ದು ಕಸದಬುಟ್ಟಿಯಲ್ಲಿ 30 ದಿನ ಹಾಗೇ ಇರುತ್ತದೆ, ಅದನ್ನೂ ಖಾಲಿ ಮಾಡಿ. ಎದುರಿನವರು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ನಿಮಗೆ ಕಳಿಸಿದ್ದರೆ ಅವರ ಕಡೆಯ ಪ್ರತಿಯನ್ನು ಉಳಿಸಿಕೊಳ್ಳುವುದೋ ಅಳಿಸುವುದೋ ಅವರಿಗೆ ಬಿಟ್ಟದ್ದು. ಆದರೆ ಅಂಥ ಪ್ರತಿಯೊಂದು ಅವರ ಬಳಿ ಇದೆ ಅಂತ ನೀವು ನೆನಪಿಸಬೇಕು.